ಝೆಡ್ ಡ್ರೈವಿನಲ್ಲಿ ಕಾಣೆಯಾದ ರಾಮ

ಮಳೆಗಾಲದ ಆಟಿ ತಿಂಗಳ ಒಂದು ಭಾನುವಾರ ಬೆಳಗ್ಗೆ ಪುಣೆಯಿಂದ ಅಕ್ಕನ ಫೋನು. "ರೆಕಾರ್ಡಿಂಗಿನಲ್ಲಿ ಬಾಣ ತಿಂದು ಬಿದ್ದ ವಾಲಿ ರಾಮನಿಗೆ ಪ್ರಶ್ನೆ ಹಾಕುವಲ್ಲಿವರೆಗೆ ಉಂಟು ಮಾರಾಯ. ರಾಮನ ಉತ್ತರವೇ ಇಲ್ಲ. ನೀನು ತೆಗೆದದ್ದಾ?"

ನಾನು ತೆಗೆದಿರಲಿಲ್ಲ. ಮಂಗಳೂರಿನ ನನ್ನ ಕೋಣೆಯ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಅಲ್ಲಿಯೂ ಇಲ್ಲ. ಫೋನಿನಲ್ಲಿಯೂ ಇಲ್ಲ. ಉಳಿದದ್ದು ಪೆರ್ಲದ ಮನೆಯ ಕಂಪ್ಯೂಟರು, ಅಂದರೆ ಅಪ್ಪ.

ಅಪ್ಪ ಸುತ್ತಮುತ್ತಲಿನ ತಾಳಮದ್ದಳೆ ಕೂಟಗಳಿಗೆ, ಅಂದರೆ ವೇಷ-ಕುಣಿತವಿಲ್ಲದೆ ಕೂತು ಮಾತಾಡುವ ಯಕ್ಷಗಾನಕ್ಕೆ, ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದವರು. ಅಟ್ಟದಲ್ಲಿದ್ದ ಕ್ಯಾಸೆಟ್ಟುಗಳಿಗೆ ಬೂಸು ಹಿಡಿಯತೊಡಗಿದಾಗ ನಾನು ಅವನ್ನೆಲ್ಲ ಎಂಪಿ3 ಮಾಡಿ, ಬಾಡಿಗೆಗೆ ಹಿಡಿದ 1 ಟಿಬಿ ಆನ್‌ಲೈನ್ ಜಾಗಕ್ಕೆ ಏರಿಸಿದ್ದೆ. ನೆಕ್ಸ್ಟ್‌ಕ್ಲೌಡ್ ತಂತ್ರಾಂಶ ಬಳಸುವ ಸೇವೆ ಅದು. 1999ರಿಂದ ಇರುವ ವೆಬ್‌ಡಾವ್ ಪದ್ಧತಿಯಲ್ಲಿ ಅದನ್ನು ಯಾವ ಕಂಪ್ಯೂಟರಿಗಾದರೂ ಡ್ರೈವಿನ ಹಾಗೆ ಜೋಡಿಸಬಹುದು. ಅಕ್ಕನ ಮ್ಯಾಕ್‌ನಲ್ಲಿ ಕಮಾಂಡ್-ಕೆ ಒತ್ತಿ ವಿಳಾಸ ಕೊಟ್ಟದ್ದಷ್ಟೆ. ನನ್ನ ಉಬುಂಟುವಿನಲ್ಲೂ ಹೆಚ್ಚು ಕಷ್ಟವಾಗಲಿಲ್ಲ. ಫೋನಿಗೆ ಆ್ಯಪ್ ಇತ್ತು.

ಅಪ್ಪನ ವಿಂಡೋಸ್‌ಗೆ ಮಾತ್ರ ಫೋನಿನಲ್ಲೇ ಪಾಠ ಹೇಳಬೇಕಾಯಿತು. ವಿಳಾಸ ಹೇಳುತ್ತ "ರಿಮೋಟ್ ಡಾಟ್ ಪಿಎಚ್‌ಪಿ" ಅಂದೆ. "ರಿಮೋಟು ಟಿವಿ ಹತ್ತಿರ ಉಂಟು, ತರಬೇಕಾ?" ಅಂದರು. ವಿಳಾಸದ ನಡುವಿನ ಗೀಟು ಎಡಕ್ಕೆ ಬಾಗಿದ್ದೋ ಬಲಕ್ಕೆ ಬಾಗಿದ್ದೋ ಎಂಬ ಚರ್ಚೆಗೇ ಕಾಲು ಗಂಟೆ ಹೋಯಿತು. ಕೊನೆಗೆ ಝೆಡ್ ಎಂಬ ಹೊಸ ಡ್ರೈವ್ ಮೂಡಿದಾಗ, ಮನೆಗೆ ಹೊಸ ಕಪಾಟು ಬಂದಷ್ಟು ಖುಷಿ ಅವರಿಗೆ.

ಕಪಾಟು ಅಂದುಕೊಂಡದ್ದೇ ಎಡವಟ್ಟಾಯಿತು.

ಅಪ್ಪನನ್ನು ಫೋನಿನಲ್ಲಿ ಕೇಳಿದರೆ "ಬಾ, ಹೇಳ್ತೇನೆ" ಎಂಬ ಉತ್ತರ. ಆ ದನಿ ನನಗೆ ಗೊತ್ತು. ವಿಟ್ಲ, ಅಡ್ಯನಡ್ಕ, ಸಾರಡ್ಕ ದಾಟಿ ಪೆರ್ಲದಲ್ಲಿ ಬಸ್ಸಿಳಿಯುವಾಗ ಮಳೆ ಹಿಡಿದು ಹೊಡೆಯುತ್ತಿತ್ತು. ಮನೆಯಲ್ಲಿ ಕರೆಂಟು ಇರಲಿಲ್ಲ. ಊಟ ಮಾಡಿ, ಹಪ್ಪಳ ತಿಂದು, ಎರಡೂವರೆವರೆಗೆ ಕಾದೆವು. ಕಾಯುವಾಗ ಅಪ್ಪ ಒಪ್ಪಿಕೊಂಡರು.

"ಡ್ರೈವು ತುಂಬಿ ಕೆಂಪಾಗಿತ್ತು. ತೆರೆಯದ ಫೈಲುಗಳನ್ನು ಮಾತ್ರ ತೆಗೆದೆ. ಅಡಿಕೆಯಲ್ಲಿ ಹಾಳಾದ ಕರಿಗೋಟು ಹೆಕ್ಕುವುದಿಲ್ಲವಾ, ಹಾಗೆ."

1 ಟಿಬಿ ತುಂಬುವುದುಂಟೇ? ಕರೆಂಟು ಬಂದ ಮೇಲೆ ನೋಡಿದರೆ ಸತ್ಯವಾಗಿಯೂ ಕೆಂಪು: 238 ಜಿಬಿಯಲ್ಲಿ 9 ಜಿಬಿ ಬಾಕಿ. ಮೇಲೆ ಕಂಪ್ಯೂಟರಿನದ್ದೇ ಆದ ಸಿ ಡ್ರೈವ್ ನೋಡಿದೆ. ಅದರದ್ದೂ 238, ಅದರದ್ದೂ 9. ಆಗ ತಲೆಗೆ ಹೋಯಿತು. ವೆಬ್‌ಡಾವ್‌ನಿಂದ ಜೋಡಿಸಿದ ಡ್ರೈವಿಗೆ ವಿಂಡೋಸ್ ಸಿ ಡ್ರೈವಿನ ಲೆಕ್ಕವನ್ನೇ ತೋರಿಸುತ್ತದೆ. ತುಂಬಿದ್ದು ಅಪ್ಪನ ವಾಟ್ಸಾಪ್ ವೀಡಿಯೊಗಳಿಂದ ಸಿ. ಖಾಲಿಯಾದದ್ದು ಝೆಡ್.

ಆದರೆ ಆ ಫೈಲುಗಳು ಏಕೆ ತೆರೆಯಲಿಲ್ಲ? ನಾನು ನೆಟ್ಟಿನ ಮೇಲೆ, ಮಳೆಯ ಮೇಲೆ ಗುಮಾನಿಪಟ್ಟೆ. ಅಪ್ಪನೇ ಸುಳಿವು ಕೊಟ್ಟದ್ದು: "ಗಿಡ್ಡದ್ದೆಲ್ಲ ಹಾಡ್ತದೆ, ಉದ್ದದ್ದು ಹಾಡುವುದಿಲ್ಲ." ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿ 45 ನಿಮಿಷ, 128 ಕೆಬಿಪಿಎಸ್‌ನಲ್ಲಿ ಸುಮಾರು 43 ಎಂಬಿ. ಮಾತು ತುಂಡಾಗಬಾರದೆಂದು ಕೆಲವು ಕ್ಯಾಸೆಟ್ಟುಗಳ ಎರಡೂ ಬದಿಗಳನ್ನು ನಾನೇ ಸೇರಿಸಿದ್ದೆ. ಅವು 86 ಎಂಬಿ. ಇಂಥ ಡ್ರೈವನ್ನು ಜೋಡಿಸಿಕೊಡುವ ವಿಂಡೋಸಿನ ವೆಬ್‌ಕ್ಲೈಂಟ್ 50 ಎಂಬಿ ಮೀರಿದ ಫೈಲನ್ನು ಮಾಮೂಲಿಯಾಗಿ ಮುಟ್ಟುವುದೇ ಇಲ್ಲ. ವಾಲಿಯ ಮೊದಲ ಕ್ಯಾಸೆಟ್ಟನ್ನು ಸೇರಿಸಲು ಮರೆತಿದ್ದೆ, ಅದು ಬದುಕಿತು. ಎರಡನೆಯದನ್ನು ಶ್ರದ್ಧೆಯಿಂದ ಸೇರಿಸಿದ್ದೆ, ರಾಮ ಹೋದ. ನನ್ನ ಅಚ್ಚುಕಟ್ಟುತನದ ಫಲ.

ಅಪ್ಪನ ರೀಸೈಕಲ್ ಬಿನ್ನಿನಲ್ಲಿ ಏನೂ ಇರಲಿಲ್ಲ. ಇಂಥ ಡ್ರೈವಿನಿಂದ ಅಳಿಸಿದ್ದು ಅಲ್ಲಿಗೆ ಹೋಗುವುದಿಲ್ಲ. "ಶಾಶ್ವತವಾಗಿ ಅಳಿಸಲಾ ಅಂತ ಕೇಳಿತ್ತು, ಹೌದು ಅಂದೆ" ಎಂದು ಅಪ್ಪ ತಲೆ ತಗ್ಗಿಸಿದರು. ಬ್ರೌಸರಿನಲ್ಲಿ ಸೇವೆಯ ಪುಟ ತೆರೆದು ಅಳಿಸಿದ ಕಡತಗಳ ಪಟ್ಟಿಗೆ ಹೋದೆ. ನೆಕ್ಸ್ಟ್‌ಕ್ಲೌಡ್ ಸಾಮಾನ್ಯವಾಗಿ 30 ದಿನ ಇಟ್ಟುಕೊಂಡಿರುತ್ತದೆ. ಅಪ್ಪ ಅಳಿಸಿ ಹತ್ತೊಂಬತ್ತು ದಿನ ಆಗಿತ್ತು. ಮೂವತ್ತೇಳು ಫೈಲುಗಳು ಸಾಲಾಗಿ ನಿಂತಿದ್ದವು. ಎಲ್ಲವನ್ನೂ ಗುರುತು ಹಾಕಿ ಮರಳಿಸುವಾಗ ಮತ್ತೆ ಕರೆಂಟು ಹೋಯಿತು. ನಮ್ಮಿಬ್ಬರ ಉಸಿರೂ ಹೋಯಿತು. ಪುಣ್ಯಕ್ಕೆ ಫೋನಿನ ನೆಟ್ಟಿನಿಂದ ಕೆಲಸ ಮುಗಿಯಿತು.

ಆಮೇಲೆ ವಿಂಡೋಸಿನ ಒಳಸೆಟ್ಟಿಂಗುಗಳಿರುವ ರಿಜಿಸ್ಟ್ರಿಯಲ್ಲಿ ಆ 50 ಎಂಬಿಯ ಮಿತಿಯನ್ನು 4 ಜಿಬಿಗೆ ಏರಿಸಿ ವೆಬ್‌ಕ್ಲೈಂಟನ್ನು ಮರುಚಾಲೂ ಮಾಡಿದೆ. ಇದು ತೇಪೆಯಷ್ಟೇ; ಮೈಕ್ರೋಸಾಫ್ಟ್ 2023ರ ನವೆಂಬರಿನಲ್ಲೇ ವೆಬ್‌ಕ್ಲೈಂಟನ್ನು ನಿವೃತ್ತಿಯ ಪಟ್ಟಿಗೆ ಹಾಕಿದೆ. ಮುಂದಿನ ಸಲ ಅದರ ಬದಲಿಗೆ ಆರ್‌ಕ್ಲೋನ್ ಎಂಬ ತಂತ್ರಾಂಶ ಹಾಕಬೇಕು. ಎಲ್ಲವನ್ನೂ ಬೇರೆ ಹಾರ್ಡ್ ಡಿಸ್ಕಿಗೂ ಇಳಿಸಬೇಕು, ಅದನ್ನು ಮೊದಲೇ ಮಾಡಬೇಕಿತ್ತು.

ಫೈಲು ಪೂರ್ತಿ ಇಳಿದ ಮೇಲೆಯೇ ಹಾಡುವುದರಿಂದ ರಾಮ ಬಾಯಿ ತೆರೆಯಲು ನಾಲ್ಕೈದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅಪ್ಪ ಒಂದು ಚೀಟಿ ಬರೆದು ಲ್ಯಾಪ್‌ಟಾಪಿನ ಅಂಚಿಗೆ ಅಂಟಿಸಿದರು: "ಝೆಡ್ ಕೆಂಪಾದರೆ ಸಿ ನೋಡುವುದು." ಅದರ ಕೆಳಗೆ ಇನ್ನೂ ಸಣ್ಣದಾಗಿ: "ಮಗನನ್ನು ಕೇಳದೆ ಏನನ್ನೂ ಹೆಕ್ಕಬಾರದು."