ಗೋಲ್ಡ್‌ಫಿಶ್ ಆಯಸ್ಸೇ ಅಷ್ಟು, ಅಲ್ವಾ?

ನಾನು ಮೀನು ಸಾಕುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದೊಂದೇ. "ನಾವೂ ಗೋಲ್ಡ್‌ಫಿಶ್ ತಂದಿದ್ವಿ. ದಿನಾ ಬೌಲ್ ತೊಳೆದು ನೀರು ಬದಲಾಯಿಸ್ತಿದ್ವಿ. ಆದ್ರೂ ತಿಂಗಳೊಳಗೆ ಸತ್ತುಹೋಯ್ತು. ಅದರ ಆಯಸ್ಸೇ ಅಷ್ಟು, ಅಲ್ವಾ?"

ಅಲ್ಲ. ಸರಿಯಾಗಿ ನೋಡಿಕೊಂಡರೆ ಗೋಲ್ಡ್‌ಫಿಶ್ 10-15 ವರ್ಷ ಆರಾಮಾಗಿ ಬದುಕುತ್ತದೆ. ಇಂಗ್ಲೆಂಡಿನ ಜಾತ್ರೆಯೊಂದರಲ್ಲಿ 1956ರಲ್ಲಿ ಬಹುಮಾನವಾಗಿ ಬಂದ ಟಿಶ್ ಎಂಬ ಮೀನು ಸತ್ತದ್ದು 1999ರಲ್ಲಿ. 43 ವರ್ಷ! ಯಾವ ನಾಯಿಯೂ ನಮ್ಮ ಜೊತೆ ಅಷ್ಟು ಕಾಲ ಇರುವುದಿಲ್ಲ.

ಕೊಲ್ಲುವುದು ಆ ದುಂಡನೆಯ ಬೌಲ್. ಮೀನು ಕಿವಿರುಗಳಿಂದ ಸದಾ ಅಮೋನಿಯಾ ಬಿಡುತ್ತಲೇ ಇರುತ್ತದೆ. ಅದು ನೀರಲ್ಲೇ ಉಳಿದರೆ ವಿಷ. ಟ್ಯಾಂಕಿನಲ್ಲಿ ಫಿಲ್ಟರ್ ಇದ್ದರೆ ಅದರ ಸ್ಪಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಆಮೇಲೆ ಅದು ನೈಟ್ರೇಟ್ ಆಗುತ್ತದೆ. ಇದು ಅಷ್ಟು ಅಪಾಯವಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸಿದರೆ ಸಾಕು. ಈ ಬ್ಯಾಕ್ಟೀರಿಯಾ ಬೇರೂರುವುದಕ್ಕೇ 4ರಿಂದ 6 ವಾರ ಹಿಡಿಯುತ್ತದೆ. ನಾವೋ ದಿನಾ ಬೌಲ್ ಉಜ್ಜಿ ಉಜ್ಜಿ ತೊಳೆಯುತ್ತೇವೆ. ಮೇಲಿಂದ ನಲ್ಲಿಯ ಕ್ಲೋರಿನ್ ನೀರು ಸುರಿದು ಕಿವಿರು ಸುಡುತ್ತೇವೆ.

ನನ್ನ ಮೊದಲ ಮೀನು ಹೋದದ್ದೂ ಹೀಗೆಯೇ. ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಪಾಪ, ಹಸಿವು ಅಂದುಕೊಂಡು ಇನ್ನೊಂದು ಚಿಟಿಕೆ ಕಾಳು ಹಾಕಿದೆ. ಅದಕ್ಕೆ ಉಸಿರು ಕಟ್ಟುತ್ತಿತ್ತು. ಎಷ್ಟೋ ದಿನಗಳ ಮೇಲೆ ಗೆಳೆಯನ ಮನೆಯ ಬೌಲ್ ನೀರನ್ನು ಅಮೋನಿಯಾ ಕಿಟ್‌ನಲ್ಲಿ ಪರೀಕ್ಷಿಸಿದೆ. ನೀರು ಚೆನ್ನಾಗಿದ್ದರೆ ಹಳದಿ ಬಣ್ಣ ಬರಬೇಕು. ಐದು ನಿಮಿಷಕ್ಕೆ ಅದು ಕಡು ಹಸಿರಾಯಿತು. ಕಣ್ಣಿಗೆ ಮಾತ್ರ ಆ ನೀರು ಕುಡಿಯುವಷ್ಟು ತಿಳಿಯಾಗಿತ್ತು.

ನನಗೆ ಸಿಟ್ಟು ಬರುವುದು ಇಲ್ಲೇ. "ಅದರ ಆಯಸ್ಸೇ ಅಷ್ಟು" ಅನ್ನುವ ಈ ಸುಳ್ಳು ತನ್ನ ಸಾಕ್ಷಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಬೌಲಿಗೆ ಹಾಕಿದರು, ಸತ್ತಿತು, "ನೋಡಿ, ನಾನು ಹೇಳಿರಲಿಲ್ವಾ" ಅಂದರು, ಇನ್ನೊಂದು ತಂದರು. ನಾಯಿಯಾದರೆ ನೋವಿಗೆ ಕೂಗುತ್ತಿತ್ತು. ಮೀನಿಗೆ ದನಿ ಎಲ್ಲಿದೆ?

"ಬೌಲ್ ಎಷ್ಟಿದೆಯೋ ಮೀನೂ ಅಷ್ಟೇ ಬೆಳೆಯುತ್ತೆ" ಅನ್ನುವವರೂ ಇದ್ದಾರೆ. ಬೆಳವಣಿಗೆ ಕುಂಠಿತವಾಗುವುದು ನಿಜ, ಆದರೆ ಅದು ಹೊಂದಾಣಿಕೆಯಲ್ಲ, ಕೆಟ್ಟ ನೀರಿನ ಪೆಟ್ಟು. ಜಾಗ ಸಿಕ್ಕರೆ ಸಾಮಾನ್ಯ ಗೋಲ್ಡ್‌ಫಿಶ್ 20 ಸೆಂಟಿಮೀಟರ್ ದಾಟುತ್ತದೆ. ಇನ್ನು ಗೋಲ್ಡ್‌ಫಿಶ್‌ಗೆ ಮೂರೇ ಸೆಕೆಂಡ್ ನೆನಪು ಅನ್ನುವ ಕಥೆ ಬಿಡಿ, ಸುಮ್ನೆ ತಮಾಷೆ. ಸಣ್ಣ ಸನ್ನೆಕೋಲು ಒತ್ತಿದರೆ ಆಹಾರ ಬೀಳುತ್ತದೆ ಅಂತ ಕಲಿಯುವ ಮೀನು ಅದು, ಕಲಿತದ್ದನ್ನು ತಿಂಗಳುಗಟ್ಟಲೆ ಮರೆಯುವುದಿಲ್ಲ.

ಈಗಾಗಲೇ ಮೀನು ಬೌಲಿನಲ್ಲಿದೆಯಾ? ನೂರು ಲೀಟರ್ ಹತ್ತಿರದ ಟ್ಯಾಂಕ್, ಒಂದು ಫಿಲ್ಟರ್ ನೋಡಿ. ಅಲ್ಲಿಯವರೆಗೆ ದಿನಾ ಕಾಲು ಭಾಗ ನೀರು ಮಾತ್ರ ಬದಲಾಯಿಸಿ, ಹೊಸ ನೀರಿಗೆ ಆಂಟಿ ಕ್ಲೋರಿನ್ ಹಾಕಿ. ಮುಂದೆ ಸ್ಪಂಜು ತೊಳೆಯುವಾಗ ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ, ನಲ್ಲಿ ಕೆಳಗೆ ಹಿಡಿಯಬೇಡಿ. ಕಾಳು ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು ಸಾಕು. ಗೋಲ್ಡ್‌ಫಿಶ್‌ಗೆ ನಮ್ಮ ಹಾಗೆ ಜಠರ ಇಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಹಾಗಾಗಿ ಅದು ಯಾವಾಗಲೂ ಬೇಡುತ್ತಲೇ ಇರುತ್ತದೆ. ನಮ್ಮದು ಈಗ ತಾನೇ ತಿಂದಿದೆ. ನಾನು ಕುರ್ಚಿಯಿಂದ ಎದ್ದದ್ದೇ ತಡ, ಗಾಜಿಗೆ ಮೂತಿ ಒತ್ತಿ ಕುಣಿಯುತ್ತಿದೆ.