ಮಲಗುವ ಹೊತ್ತಿನ ದಾಖಲೆ: ಆರು ವಾರಗಳ ನಂತರ

ನಾಲ್ಕು ವರ್ಷದ ನಮ್ಮ ಮಗಳು ರಾತ್ರಿ ಮಲಗುವ ಹೊತ್ತಿಗೆ ಹಿಡಿಯುವ ಹಠವನ್ನು ಗದರಿಸಿ ಗೆಲ್ಲುವ ಪ್ರಯತ್ನ ಬಿಟ್ಟು, ದಿನವೂ ಬರೆದಿಟ್ಟು ಅರ್ಥ ಮಾಡಿಕೊಳ್ಳೋಣವೆಂದು ನಾನೂ ನನ್ನ ಹೆಂಡತಿಯೂ ನಿರ್ಧರಿಸಿ ಆರು ವಾರಗಳಾದವು. ಗೆರೆ ಹಾಕಿದ ಒಂದು ನೋಟ್‌ಬುಕ್ಕಿನಲ್ಲಿ ಐದು ಕಾಲಂಗಳಿವೆ: ಹಗಲು ನಿದ್ದೆ ಎಷ್ಟು ಹೊತ್ತು, ದೀಪ ಆರಿಸಿದ್ದು ಯಾವಾಗ, ಎಷ್ಟು ಸಲ ಎದ್ದು ಹೊರಗೆ ಬಂದಳು, ನಿದ್ದೆ ಹತ್ತಿದ್ದು ಎಷ್ಟು ಗಂಟೆಗೆ, ಬೆಳಿಗ್ಗೆ ಎದ್ದದ್ದು ಎಷ್ಟಕ್ಕೆ. ಇದೇ ತೊಳಲಾಟದಲ್ಲಿರುವ ಬೇರೆ ತಂದೆತಾಯಿಯರಿಗೆ ನೆರವಾದೀತೆಂದು ಈವರೆಗಿನ ದಾಖಲೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವಾರ ಏನನ್ನೂ ಬದಲಿಸಬಾರದು, ಬರೆದುಕೊಳ್ಳುವುದಷ್ಟೇ ಕೆಲಸ ಎಂದು ಮಾತಾಡಿಕೊಂಡಿದ್ದೆವು. ಏಳೂ ರಾತ್ರಿ ಎಂಟು ಗಂಟೆಗೆ ದೀಪ ಆರಿಸಿದೆವು. ಏಳೂ ರಾತ್ರಿ ಅವಳಿಗೆ ನಿದ್ದೆ ಹತ್ತಿದ್ದು 9.15ರಿಂದ 9.40ರ ನಡುವೆ. ಅಷ್ಟರಲ್ಲಿ ನಾಲ್ಕರಿಂದ ಏಳು ಸಲ ಎದ್ದು ಬಂದಿದ್ದಳು. ನೀರು ಬೇಕು, ಇನ್ನೊಂದು ಕಥೆ ಬೇಕು, ಹೊದಿಕೆ ಮಡಚಿಕೊಂಡಿದೆ, ನಾಳೆ ರಜೆಯೇ ಎಂದು ಕೇಳುವುದು ಮರೆತಿತ್ತು. ಕಾರಣಗಳು ಬದಲಾಗುತ್ತಿದ್ದವು, ನಿದ್ದೆ ಹತ್ತುವ ಹೊತ್ತು ಮಾತ್ರ ಹೆಚ್ಚುಕಡಿಮೆ ಒಂದೇ. ಎಂಟೂಕಾಲಿನಿಂದ ಎಂಟೂಮುಕ್ಕಾಲಿನವರೆಗೆ ಅವಳು ಹಗಲಿಗಿಂತಲೂ ಚುರುಕಾಗಿರುತ್ತಿದ್ದಳು ಎಂಬುದೂ ಬರೆದಾಗಲೇ ಕಣ್ಣಿಗೆ ಬಿದ್ದದ್ದು. ನಾವು ಅದನ್ನು ದಣಿವು ತಲೆಗೇರಿದ್ದರಿಂದ ಮಾಡುವ ರಂಪವೆಂದೇ ಇಷ್ಟು ದಿನ ನಂಬಿದ್ದೆವು.

ದೇಹದ ಗಡಿಯಾರದ ಬಗ್ಗೆ ಓದಿದಾಗ ಇದಕ್ಕೆ ಬೇರೆಯೇ ಒಂದು ವಿವರಣೆ ಸಿಕ್ಕಿತು. ನಿದ್ದೆ ಹತ್ತುವ ಸಹಜ ಹೊತ್ತಿಗೆ ಸ್ವಲ್ಪ ಮುಂಚಿನ ಒಂದೆರಡು ಗಂಟೆಗಳಲ್ಲಿ ಎಚ್ಚರವಾಗಿರಿಸುವ ಒತ್ತಡ ದೇಹದಲ್ಲಿ ಅತ್ಯಂತ ಬಲವಾಗಿರುತ್ತದೆ. ಆಮೇಲೆ ದೇಹವನ್ನು ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಎಂಬ ಹಾರ್ಮೋನು ಏರಿ, ನಿದ್ದೆಯ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಅಂದರೆ ನಾವು ದಿನವೂ ಅವಳನ್ನು ನಿದ್ದೆ ಬರಲು ಸಾಧ್ಯವೇ ಇಲ್ಲದ ಹೊತ್ತಿನಲ್ಲಿ ಕತ್ತಲೆಯಲ್ಲಿ ಮಲಗಿಸಿ, ಬಂದೇ ಬರಬೇಕೆಂದು ಕಾಯುತ್ತಿದ್ದೆವು. ಇದನ್ನು ತಿಳಿದ ದಿನ ನನಗೆ ನಿಜವಾಗಿ ನೋವಾಯಿತು. ಎಷ್ಟೋ ರಾತ್ರಿ ಅವಳ ಮೇಲೆ ರೇಗಿದ್ದೆ.

ಅವಳಿಗೆ ನಿದ್ದೆ ಸಾಲುತ್ತಿಲ್ಲವೇ ಎಂಬ ಚಿಂತೆಯೂ ಇತ್ತು. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಪ್ರಕಟಿಸಿದ ಸಲಹೆಯ ಪ್ರಕಾರ 3ರಿಂದ 5 ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಮಗಳು ರಾತ್ರಿ ಒಂಬತ್ತೂಕಾಲು ಗಂಟೆ, ಹಗಲು ಒಂದೂವರೆ ಗಂಟೆ ಮಲಗುತ್ತಿದ್ದಳು. ಒಟ್ಟು ಸಾಕಷ್ಟಿತ್ತು, ಹಂಚಿಕೆ ನಮಗೆ ಬೇಕಾದಂತೆ ಇರಲಿಲ್ಲ, ಅಷ್ಟೆ.

ಎರಡನೆಯ ವಾರ ಬೆಳಕನ್ನು ಸರಿಪಡಿಸಿದೆವು. ಚಿಕ್ಕ ಮಕ್ಕಳ ಕಣ್ಣಿನ ಪಾಪೆ ದೊಡ್ಡದು, ಮಸೂರ ತಿಳಿ. ಹಾಗಾಗಿ ಅದೇ ದೀಪದಿಂದ ದೊಡ್ಡವರಿಗಿಂತ ಹೆಚ್ಚು ಬೆಳಕು ಅವರ ಕಣ್ಣಿನೊಳಕ್ಕೆ ಹೋಗುತ್ತದೆ. ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ಮಲಗುವ ಮುನ್ನ ಒಂದು ಗಂಟೆ ಪ್ರಖರ ಬೆಳಕಿನಲ್ಲಿ ಆಡಿದ ಪುಟ್ಟ ಮಕ್ಕಳಲ್ಲಿ ಮೆಲಟೋನಿನ್ ಸರಾಸರಿ ಶೇಕಡಾ 88ರಷ್ಟು ಕುಸಿದಿತ್ತು. ನಮ್ಮ ಮನೆಯಲ್ಲಿ ದೀಪ ಆರಿಸುವ ಕ್ಷಣದವರೆಗೂ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಈಗ ಊಟವಾದ ಮೇಲೆ ಟಿವಿ, ಮೊಬೈಲು, ದೊಡ್ಡ ದೀಪ ಎಲ್ಲವೂ ಬಂದ್. ಮೂಲೆಯಲ್ಲಿ ಹಳದಿ ಬೆಳಕಿನ ಒಂದು ಸಣ್ಣ ದೀಪ ಮಾತ್ರ.

ನಿದ್ದೆ ನಿಜವಾಗಿ ಹತ್ತುವ ಹೊತ್ತಿಗೇ ದೀಪ ಆರಿಸೋಣವೆಂದು ಮಲಗುವ ಹೊತ್ತನ್ನು ಮುಂದೂಡುವುದಕ್ಕೆ ಹೆಂಡತಿ ಮೊದಲು ಒಪ್ಪಲಿಲ್ಲ. ಮಗು ಮಲಗುತ್ತಿಲ್ಲವೆಂದು ಇನ್ನೂ ತಡಮಾಡುವುದು ಯಾವ ನ್ಯಾಯ ಎಂಬ ಅವಳ ಪ್ರಶ್ನೆ ಸಹಜವಾದದ್ದೇ. ಆದರೂ ಒಂದು ವಾರ ನೋಡೋಣವೆಂದು 9.15ಕ್ಕೆ ದೀಪ ಆರಿಸತೊಡಗಿದೆವು. ಬೆಳಿಗ್ಗೆ 6.45ಕ್ಕೆ, ರಜೆಯ ದಿನವೂ ಬಿಡದೆ, ಎಬ್ಬಿಸಿದೆವು. ಹಗಲು ನೋಡಿಕೊಳ್ಳುವವರಿಗೆ ಮಗುವನ್ನು ಹಗಲು ನಿದ್ದೆಯಿಂದ ಮುಕ್ಕಾಲು ಗಂಟೆಗೇ ಎಬ್ಬಿಸುವಂತೆ ಕೇಳಿಕೊಂಡೆವು. ಮೂರನೆಯ ರಾತ್ರಿ ಹನ್ನೊಂದೇ ನಿಮಿಷದಲ್ಲಿ ನಿದ್ದೆ ಹೋದಳು. ನಾವಿಬ್ಬರೂ ಬಾಗಿಲ ಬಳಿ ನಿಂತು ಅವಳ ಉಸಿರಾಟ ಕೇಳಿಸಿಕೊಂಡೆವು. ಸತತ ಮೂರು ರಾತ್ರಿ ಇಪ್ಪತ್ತು ನಿಮಿಷದೊಳಗೆ ನಿದ್ದೆ ಹತ್ತಿದರೆ ಕಾಲು ಗಂಟೆ ಹಿಂದಕ್ಕೆ ತರುವುದು ಎಂಬ ನಿಯಮದಂತೆ ಸರಿಸುತ್ತ ಈಗ 8.45ಕ್ಕೆ ಬಂದಿದ್ದೇವೆ.

ಎದ್ದು ಬರುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಅದಕ್ಕಾಗಿ ನಾಲ್ಕನೆಯ ವಾರ ಚೀಟಿಯ ಉಪಾಯವನ್ನು ಹಿಡಿದೆವು. ಅಮೆರಿಕದ ಮನೋವಿಜ್ಞಾನಿ ಪ್ಯಾಟ್ರಿಕ್ ಫ್ರಿಮನ್ ಮತ್ತು ಸಂಗಡಿಗರು 1999ರಲ್ಲಿ ಮೂರು ಮತ್ತು ಹತ್ತು ವರ್ಷದ ಇಬ್ಬರು ಹುಡುಗರ ಮೇಲೆ ಪ್ರಯೋಗಿಸಿ ವರದಿ ಮಾಡಿದ ಕ್ರಮವಿದು: ಮಲಗುವಾಗ ಮಗುವಿನ ಕೈಗೆ ಒಂದು ಚೀಟಿ ಕೊಡಬೇಕು, ಅದನ್ನು ತೋರಿಸಿ ಒಂದು ಸಲ ಹೊರಗೆ ಬರಬಹುದು, ಒಂದು ಸಣ್ಣ ಕೋರಿಕೆ ಈಡೇರಿಸಿಕೊಳ್ಳಬಹುದು, ಆಮೇಲೆ ಚೀಟಿ ದೊಡ್ಡವರ ಕೈಗೆ. ಹಳೆಯ ರಟ್ಟಿನ ಡಬ್ಬಿಯಿಂದ ಅಂಗೈಯಗಲದ ತುಂಡು ಕತ್ತರಿಸಿ ಕೊಟ್ಟೆ. ಅದರ ಮೇಲೆ ಅವಳೇ ಚಂದ್ರನನ್ನು ಬರೆದು, ಹಸಿರು ಬಣ್ಣ ತುಂಬಿ, ಪಕ್ಕದಲ್ಲಿ ನಮ್ಮ ಮೂವರ ಮುಖ ಬಿಡಿಸಿದಳು. ನನ್ನ ಮುಖಕ್ಕೆ ಕಿವಿ ಇಲ್ಲ.

ಮೊದಲ ರಾತ್ರಿ ಮೂರೇ ನಿಮಿಷಕ್ಕೆ ಓಡಿಬಂದು ಚೀಟಿ ಕೊಟ್ಟು, ಒಂದು ಗುಟುಕು ನೀರು ಕುಡಿದು ಹೋದಳು. ಎರಡನೆಯ ಸಲ ಬಂದಾಗ ಕೈ ಹಿಡಿದು ಮಾತಿಲ್ಲದೆ ಹಾಸಿಗೆಗೆ ಕರೆದೊಯ್ದೆ. ಅತ್ತಳು. ಇಂಥ ನಿಯಮ ಹೊಸದಾಗಿ ಬಂದಾಗ ಹಠ ಇಳಿಯುವ ಮುನ್ನ ಒಮ್ಮೆ ಏರುತ್ತದೆ ಎಂದು ಓದಿದ್ದೆ. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಆ ಅಳು ಕೇಳುವಾಗ ಓದಿದ್ದು ಹೆಚ್ಚು ಆಸರೆಯಾಗಲಿಲ್ಲ. ಮೂರನೆಯ ರಾತ್ರಿ ಹೆಂಡತಿ ತಡೆಯಲಾರದೆ ಒಳಗೆ ಹೋಗಿ, ಬೆನ್ನು ತಟ್ಟುತ್ತ ಪಕ್ಕದಲ್ಲೇ ಮಲಗಿದಳು. ಅದನ್ನೂ ಇದ್ದಂತೆಯೇ ಬರೆದಿದ್ದೇವೆ. ಐದನೆಯ ರಾತ್ರಿಯಿಂದ ಒಂದು ಬದಲಾವಣೆ ಕಂಡಿತು: ಅವಳು ಚೀಟಿಯನ್ನು ಉಳಿಸಿಕೊಳ್ಳತೊಡಗಿದಳು. ನಿದ್ದೆ ಹತ್ತಿದ ಮೇಲೆ ನೋಡಿದರೆ ಮುಷ್ಟಿಯೊಳಗೆ ಬೆವರಿಗೆ ಒದ್ದೆಯಾದ ರಟ್ಟು, ಮೂಲೆ ಮೆತ್ತಗಾಗಿ ಎಳೆಎಳೆಯಾಗಿತ್ತು. ಬೇಕಾದರೆ ಹೋಗಬಹುದು ಎಂಬ ಭರವಸೆ ಕೈಯಲ್ಲಿದ್ದುದರಿಂದಲೇ ಅವಳು ಹೋಗದೆ ಇರಬಲ್ಲಳು ಎಂದು ನನಗನ್ನಿಸುತ್ತದೆ.

ಐದನೆಯ ವಾರ ನೆಗಡಿ, ಜ್ವರ. ನಾಲ್ಕು ರಾತ್ರಿ ನಮ್ಮ ನಡುವೆಯೇ ಮಲಗಿದಳು, ಏನನ್ನೂ ಬರೆಯಲಿಲ್ಲ. ಗುಣವಾದ ಮೇಲೆ ಹಳೆಯ ಕ್ರಮಕ್ಕೆ ಮರಳಲು ಎರಡು ರಾತ್ರಿ ಹಿಡಿಯಿತು.

ಈ ವಾರ ಎದುರಾದದ್ದು ಬೇರೆ ಬಗೆಯದು. ಮಂಗಳವಾರ ಚೀಟಿಯನ್ನು ಮೊದಲೇ ಬಳಸಿಯಾಗಿತ್ತು; ಮತ್ತೆ ಬಂದು, "ಅಪ್ಪಾ, ಗೋಡೆ ಹತ್ರ ಯಾರೋ ನಿಂತಿದಾರೆ" ಎಂದಳು. ನಿಯಮದಂತೆ ಮಾತಿಲ್ಲದೆ ಕರೆದೊಯ್ಯಬೇಕೆಂದು ಕೈ ಹಿಡಿದೆ. ಕೈ ತಣ್ಣಗಿತ್ತು, ನಡುಗುತ್ತಿತ್ತು. ಒಳಗೆ ಹೋಗಿ ಅವಳ ದಿಂಬಿನ ಮೇಲೆ ತಲೆಯಿಟ್ಟು ನೋಡಿದಾಗ, ಗೂಟಕ್ಕೆ ನೇತುಹಾಕಿದ ನನ್ನ ಅಂಗಿಯ ನೆರಳು ಭುಜ ತೋಳುಗಳ ಸಮೇತ ಗೋಡೆಯ ಮೇಲಿತ್ತು. ಈ ವಯಸ್ಸಿನಲ್ಲಿ ಕಲ್ಪನೆ ಬೆಳೆದಂತೆ ಕತ್ತಲೆಯ ಭಯವೂ ಬೆಳೆಯುತ್ತದೆ. ಅದನ್ನು ನೆಪವೆಂದು ತಳ್ಳಿಬಿಡುವುದರಲ್ಲಿದ್ದೆನಲ್ಲ ಎಂದು ಬಹಳ ಹೊತ್ತು ನಿದ್ದೆ ಬರಲಿಲ್ಲ. ಗೂಟವನ್ನು ಮರುದಿನವೇ ಕಿತ್ತೆ. ಭಯವಾದರೆ ಚೀಟಿ ಬೇಕಿಲ್ಲ, ಕೂಗಿದರೆ ನಾವೇ ಬರುತ್ತೇವೆ ಎಂಬ ನಿಯಮವನ್ನೂ ಸೇರಿಸಿದೆವು. ಇದನ್ನು ಅವಳು ನೀರು ಕೇಳಲು ಬಳಸಿಕೊಂಡರೂ ಚಿಂತೆಯಿಲ್ಲ, ಈವರೆಗೆ ಬಳಸಿಕೊಂಡಿಲ್ಲ.

ನಿನ್ನೆ 8.45ಕ್ಕೆ ದೀಪ ಆರಿಸಿದೆವು, 8.58ಕ್ಕೆ ನಿದ್ದೆ ಹತ್ತಿತು, ಹೊರಗೆ ಬರಲಿಲ್ಲ. ಇದು ಎರಡನೆಯ ರಾತ್ರಿ. ಇಂದೂ ಹೀಗೆಯೇ ಆದರೆ ನಾಳೆಯಿಂದ ಎಂಟೂವರೆ. ನೋಟ್‌ಬುಕ್ಕಿಗೆ ಆರನೆಯ ಕಾಲಂ ಒಂದನ್ನು ಎಳೆದಿದ್ದೇನೆ, ಮೇಲೆ 'ಭಯ' ಎಂದು ಬರೆದಿದೆ.