ಗುರಿ ಕಲಿಯೋಕೆ ಹೋದೆವು, ಮಾವ ಕುರ್ಚಿ ಮೇಲೆ ಕೂತರು

ಆಪಲ್‌ಸೀಡ್ ಅಂತ ಒಂದು ತರಬೇತಿ ಇದೆ. ಅಮೆರಿಕದಲ್ಲಿ ಅಲ್ಲಲ್ಲಿ ಶನಿವಾರ, ಭಾನುವಾರ ನಡೆಯುತ್ತೆ. ರೈಫಲ್ ಹಿಡಿಯೋದು, ಗುರಿ ಇಡೋದು ಕಲಿಸುತ್ತಾರೆ, ಮಧ್ಯೆ ಮಧ್ಯೆ 1775ರ ಏಪ್ರಿಲ್ 19ರ, ಅಂದರೆ ಬ್ರಿಟಿಷರ ವಿರುದ್ಧ ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ ದಿನದ, ಕಥೆ ಹೇಳುತ್ತಾರೆ. ಕಲಿಸುವವರಿಗೆ ಸಂಬಳ ಇಲ್ಲ, ಎಲ್ಲರೂ ಸ್ವಯಂಸೇವಕರು. ಮಕ್ಕಳೂ ಬರಬಹುದು, ಜೊತೆಗೆ ಅಪ್ಪನೋ ಅಮ್ಮನೋ ಇದ್ದರೆ ಸಾಕು. ನಾವಿರೋದು ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ. ಅಲ್ಲಿಂದ ರ್ಯಾಮ್ಸರ್ ಅನ್ನೋ ಸಣ್ಣ ಊರಿಗೆ ಕಾರಲ್ಲಿ ಒಂದು ಗಂಟೆ ಚಿಲ್ಲರೆ. ನಾನು, ಹೆಂಡತಿ, ಹನ್ನೆರಡು ವರ್ಷದ ಮಗಳು, ಮತ್ತೆ ವಿರಾಜಪೇಟೆ ಕಡೆಯಿಂದ ಮಗಳ ಮನೆಗೆ ಅಂತ ಬಂದಿದ್ದ ಮಾವ. ಇಷ್ಟು ಜನ ಹೊರಟೆವು.

ಇದರಲ್ಲಿ ಬಂದೂಕಿನ ಗಂಧಗಾಳಿ ಗೊತ್ತಿದ್ದದ್ದು ಮಾವನಿಗೆ ಮಾತ್ರ. ಬಂದೂಕು ಮುಟ್ಟಬಾರದು ಅಂತ ಇದ್ದದ್ದೂ ಮಾವನಿಗೆ ಮಾತ್ರ.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ನಮ್ಮವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ತಾತ್ಕಾಲಿಕ ವೀಸಾದಲ್ಲಿ ಬಂದವರು, ಅಂದರೆ ಪ್ರವಾಸಿ ವೀಸಾ ಇರಲಿ, ಎಚ್1ಬಿ ಇರಲಿ, ಬಂದೂಕನ್ನಾಗಲಿ ಗುಂಡನ್ನಾಗಲಿ ಕೈಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಗುಂಡು ಹೊಡೆಯೋ ರೇಂಜ್‌ನಲ್ಲಿ ಬಾಡಿಗೆಗೆ ತಗೊಂಡು ಹೊಡೆದರೂ ತೊಂದರೆಯೇ. ಗ್ರೀನ್ ಕಾರ್ಡ್ ಇದ್ದರೆ ಚಿಂತೆ ಇಲ್ಲ. ಒಂದೆರಡು ವಿನಾಯಿತಿ ಇವೆ, ಅದರಲ್ಲಿ ಎಲ್ಲರೂ ಬಳಸೋದು ಇಲ್ಲಿನ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್. ಸಿಕ್ಕಿಬಿದ್ದರೆ ವೀಸಾ ಒಂದೇ ಅಲ್ಲ, ಜೈಲಿನ ಮಾತೂ ಬರುತ್ತೆ. "ಫ್ರೆಂಡ್ ಜೊತೆ ಸುಮ್ನೆ ಹೋಗಿ ನಾಲ್ಕು ರೌಂಡ್ ಹೊಡೆದು ಬಂದೆ" ಅಂತ ಫೋಟೋ ಹಾಕುವ ಹುಡುಗರು ಇದನ್ನು ಓದಲಿ.

ಕಾರಲ್ಲಿ ಹೆಂಡತಿಯೇ ಅಪ್ಪನಿಗೆ ಇದನ್ನು ಹೇಳಿದಳು. ಮಾವ ಕೊಡವರು. ಕೊಡವರಿಗೂ ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದೂಕಿನ ಲೈಸೆನ್ಸ್ ಬೇಕಿಲ್ಲ. ಕೇಂದ್ರ ಸರ್ಕಾರ ಆ ವಿನಾಯಿತಿಯನ್ನು 2029ರ ತನಕ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ಅಂಥವರಿಗೆ ಈಗ ಬಂದೂಕಿನ ದೇಶದಲ್ಲೇ ಬಂದೂಕು ಮುಟ್ಟಬೇಡಿ ಅನ್ನೋದು. ಅವರು ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡಿದರು. "ನಮ್ಮಲ್ಲಿ 72ರಲ್ಲಿ ಬೇಟೆ ನಿಲ್ಲಿಸಿದ್ರು, ಬಂದೂಕು ಬಿಟ್ರು. ಇಲ್ಲಿ ಕಾಗದಕ್ಕೆ ಗುಂಡು ಹೊಡೆಯೋಕೆ ಬೇಟೆ ಲೈಸೆನ್ಸ್ ತಗೋಬೇಕಾ?" ಅಂದರು. ಆಮೇಲೆ ತಾವೇ ನಕ್ಕರು. ಸದ್ಯ.

ರೇಂಜ್ ಅಂದರೆ ಪೈನ್ ಮರಗಳ ನಡುವೆ ಒಂದು ಬಯಲು, ಆ ಕಡೆ ಮಣ್ಣಿನ ದಿಬ್ಬ. ಗುರಿ ಇರೋದು ಬರೀ 25 ಮೀಟರ್ ದೂರದಲ್ಲಿ. ಇಷ್ಟು ಹತ್ತಿರ ಏನು ಕಲಿಯೋದು ಅನ್ನಿಸುತ್ತೆ, ಆದರೆ ಕಾಗದದ ಮೇಲಿನ ಆಕೃತಿಗಳನ್ನು ಚಿಕ್ಕದು ಮಾಡಿರುತ್ತಾರೆ. ಒಂದು 100 ಗಜದಲ್ಲಿ ನಿಂತ ಮನುಷ್ಯ ಕಾಣುವಷ್ಟು, ಇನ್ನೊಂದು 200, ಮತ್ತೆ 300. ಕೊನೆಯದು 400 ಗಜದ್ದು, ಹೆಬ್ಬೆರಳಿನ ಹಿಂದೆ ಬಚ್ಚಿಟ್ಟುಕೊಳ್ಳುತ್ತೆ. ಮೊದಲು ಏನೂ ಹೇಳಿಕೊಡದೆ ಈ ಕಾಗದಕ್ಕೆ 13 ಗುಂಡು ಹೊಡೆಸುತ್ತಾರೆ. ಒಂದೊಂದು ಆಕೃತಿಗೆ ಮೂರು, ಇನ್ನೊಂದು ಗುಂಡು ಮೂಲೆಯಲ್ಲಿರುವ ಪುಟ್ಟ ಚೌಕಕ್ಕೆ. ಅದು 250 ಗಜದ ಲೆಕ್ಕದ್ದು. ಆಕೃತಿಗಳಿಗೆ ಬ್ರಿಟಿಷ್ ಸೈನಿಕರ ಕೆಂಪು ಕೋಟು, ಅದಕ್ಕೇ ಇದಕ್ಕೆ ರೆಡ್‌ಕೋಟ್ ಅಂತ ಹೆಸರು. ನಮ್ಮ ಮೂವರ ಕಾಗದದಲ್ಲಿ 100 ಗಜದವನಿಗೆ ಗಾಯ ಆಗಿತ್ತು. ಉಳಿದವರು ಆರಾಮಾಗಿದ್ದರು.

ಈಗ ನನ್ನ ಹೊಟ್ಟೆ ಉರಿ. ಇಲ್ಲಿ ಗುರಿಯ ಅರ್ಧ ಜೀವ ಬೆಲ್ಟ್‌ನಲ್ಲಿದೆ, ಅಂದರೆ ಸ್ಲಿಂಗ್. ಹೆಗಲಿಗೆ ಹಾಕಿಕೊಳ್ಳೋಕಲ್ಲ. ಅದರ ತುದಿಯಲ್ಲಿ ಕುಣಿಕೆ ಮಾಡಿ ಎಡತೋಳಿನ ಮೇಲ್ಭಾಗಕ್ಕೆ ಬಿಗಿದರೆ ರೈಫಲ್‌ನ ಭಾರವನ್ನು ಪಟ್ಟಿ ಹೊರುತ್ತೆ, ಕೈಯ ಮಾಂಸಖಂಡ ಸಡಿಲವಾಗಿರಬಹುದು. ಅದಕ್ಕೆ ಬೇಕಾದ್ದು ಸೈನ್ಯದವರು ಬಳಸುತ್ತಿದ್ದ ಒಂದೂಕಾಲು ಇಂಚಿನ ಹತ್ತಿಯ ಸಾದಾ ಪಟ್ಟಿ. ಚೀಟಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದುಕೊಂಡು ಹೋಗಿದ್ದೆ. ಅಂಗಡಿಯ ಹುಡುಗ ಅದನ್ನು ಓದಿ, "ಇದಕ್ಕಿಂತ ಒಳ್ಳೇದು" ಅಂತ ಹೇಳಿ, ಸ್ಪಂಜ್ ತುಂಬಿದ ಅಗಲ ಪಟ್ಟಿಯನ್ನು ಮೂರು ಪಟ್ಟು ದುಡ್ಡಿಗೆ ಕೊಟ್ಟ. ರೇಂಜ್‌ನಲ್ಲಿ ನೋಡಿದರೆ ಅದರಲ್ಲಿ ಕುಣಿಕೆಯೇ ಆಗೋದಿಲ್ಲ, ಪ್ಲಾಸ್ಟಿಕ್ ಕೊಂಡಿ ಎಳೆದ ತಕ್ಷಣ ಪಟ್ ಅಂತ ಕಿತ್ತುಬಂತು. ಅಲ್ಲಿದ್ದ ಮೇಷ್ಟ್ರೊಬ್ಬರು ತಮ್ಮ ಪೆಟ್ಟಿಗೆಯಿಂದ ಹಳೇ ಹತ್ತಿ ಪಟ್ಟಿ ತೆಗೆದುಕೊಟ್ಟರು. ಅಂಗಡಿಯವನ ಮಾತು ಕೇಳಬೇಡಿ. ಹಾಗೇ ಯೋಗ ಮ್ಯಾಟ್ ಕೂಡ ಬೇಡ, ಹುಲ್ಲಿನ ಮೇಲೆ ಜಾರುತ್ತೆ, ಮೊಣಕೈ ಸುಲಿಯುತ್ತೆ. ಕುತ್ತಿಗೆ ಮುಚ್ಚುವ ಅಂಗಿ ಹಾಕಿ. ಪಕ್ಕದವರ ರೈಫಲ್‌ನಿಂದ ಹಾರಿದ ಬಿಸಿ ಖಾಲಿ ತೋಟಾ ನನ್ನ ಹೆಂಡತಿಯ ಕುರ್ತಾದೊಳಗೆ ಇಳಿದಾಗ ಅವಳು ರೈಫಲ್ ಅಲುಗಾಡಿಸದೆ ಹಲ್ಲು ಕಚ್ಚಿ ಮಲಗಿದ್ದನ್ನು ನೋಡಿ ಮೇಷ್ಟ್ರು ಎಲ್ಲರ ಮುಂದೆ ಹೊಗಳಿದರು. ಹೊಗಳಿಕೆ ಸರಿ, ಬೊಬ್ಬೆ ಮಾತ್ರ ಒಂದು ವಾರ ಇತ್ತು.

ಕಲಿತದ್ದರಲ್ಲಿ ನನಗೆ ನಿಜಕ್ಕೂ ಆಶ್ಚರ್ಯ ಆದದ್ದು ಒಂದು ವಿಷಯ. ಬೋರಲು ಮಲಗಿ ಗುರಿ ಇಡಿ ಅಂದರು, ಇಟ್ಟೆವು. ಈಗ ಕಣ್ಣು ಮುಚ್ಚಿ ಅಂದರು. ಉಸಿರು ತಗೊಳ್ಳಿ, ಬಿಡಿ, ಮೈ ಸಡಿಲ ಮಾಡಿ, ಕಣ್ಣು ತೆರೀರಿ. ತೆರೆದರೆ ಸೈಟ್, ಅಂದರೆ ರೈಫಲ್ ಮೇಲೆ ಗುರಿ ನೋಡೋ ಕಣ್ಣು, ಗುರಿಯ ಮೇಲಿಲ್ಲ, ಪಕ್ಕದ ಬೋರ್ಡಿನ ಅಂಚಿನಲ್ಲಿದೆ! ಅಂದರೆ ಇಷ್ಟು ಹೊತ್ತು ನಾನು ತೋಳಿನ ಬಲದಲ್ಲಿ ರೈಫಲ್ಲನ್ನು ಗುರಿಯ ಕಡೆ ತಳ್ಳಿ ಹಿಡಿದಿದ್ದೆ. ಕುದುರೆ (ಟ್ರಿಗರ್) ಒತ್ತಿದ ಕ್ಷಣ ಮೈ ತನ್ನ ಜಾಗಕ್ಕೆ ವಾಪಸ್ ಹೋಗುತ್ತೆ, ಗುಂಡೂ ಅದರ ಹಿಂದೆ ಹೋಗುತ್ತೆ. ಸರಿಮಾಡೋದು ಹೇಗೆ? ರೈಫಲ್ ತಿರುಗಿಸಬಾರದು. ಎಡ ಮೊಣಕೈ ನೆಟ್ಟಲ್ಲೇ ಇರಬೇಕು, ಸೊಂಟ, ಕಾಲು ಸರಿಸಬೇಕು. ಮತ್ತೆ ಕಣ್ಣು ಮುಚ್ಚಿ ನೋಡಬೇಕು. ಕಣ್ಣು ತೆರೆದಾಗ ಸೈಟ್ ತಾನೇ ತಾನಾಗಿ ಗುರಿಯ ಮೇಲೆ ಕೂತಿರಬೇಕು, ಅಲ್ಲಿವರೆಗೂ ಇದೇ ಕೆಲಸ. ಆಮೇಲೆ ಉಸಿರಿನ ಲೆಕ್ಕ: ಉಸಿರಾಡುವಾಗ ಸೈಟ್ ಮೇಲೆ ಕೆಳಗೆ ಹೋಗುತ್ತೆ, ಉಸಿರು ಬಿಟ್ಟು ಇನ್ನೊಂದು ಎಳೆಯೋ ಮುಂಚಿನ ಬಿಡುವಿನಲ್ಲಿ ಕುದುರೆ ಒತ್ತಬೇಕು. ತೂತುಗಳು ಮೇಲೆ ಕೆಳಗೆ ಸಾಲಾಗಿ ಬಿದ್ದರೆ ಮೇಷ್ಟ್ರು ಕಾಗದ ನೋಡಿಯೇ "ಉಸಿರು" ಅಂತಾರೆ. ನಾಡಿ ಹಿಡಿದ ಪಂಡಿತರ ಥರ.

ಮಗಳು ಕಣ್ಣು ಮುಚ್ಚಿಕೊಂಡು ಸೊಂಟ ಸರಿಸ್ತಾ ಇದ್ದದ್ದನ್ನು ಮಾವ ಹಿಂದೆ ಕುರ್ಚಿಯಲ್ಲಿ ಕೂತು ನೋಡಿದ್ದರು. ಬಿಡುವಿನಲ್ಲಿ ಅಂದರು: "ನಮ್ಮಪ್ಪ ಕಾಲಿಗೆ ಒದ್ದು ಸರಿಸ್ತಿದ್ರು. ಯಾಕೆ ಅಂತ ಒಂದು ದಿನ ಹೇಳಲಿಲ್ಲ. ಇವರು ಒದೆಯಲ್ಲ, ಕಾರಣ ಹೇಳ್ತಾರೆ."

ಮಧ್ಯಾಹ್ನ ಊಟ. ಎಲ್ಲರೂ ಕೈಯನ್ನು ಸೋಪು ಹಾಕಿ ತಿಕ್ಕಿ ತೊಳೀಬೇಕು, ಗುಂಡಿನ ಸೀಸ ಕೈಗೆ ಅಂಟಿರುತ್ತೆ. ಸ್ಯಾಂಡ್‌ವಿಚ್ ತಿನ್ನೋರಿಗಿಂತ ಇದು ನಮಗೆ ಜಾಸ್ತಿ ಮುಖ್ಯ, ನಾವು ಅಕ್ಕಿ ರೊಟ್ಟಿ, ಕುಂಬಳಕಾಯಿ ಪಲ್ಯ ಕಟ್ಟಿಸಿಕೊಂಡು ಹೋಗಿದ್ದೆವು. ನಾವು ನಲ್ಲಿಯ ಮುಂದೆ ಸಾಲು ನಿಂತಿದ್ದಾಗ ಮಾವ ಆಗಲೇ ಎರಡನೇ ರೊಟ್ಟಿಯಲ್ಲಿದ್ದರು. "ನಂದು ಶುದ್ಧ ಕೈ, ಸರ್ಕಾರವೇ ಹೇಳಿದೆ."

ಕಥೆ ಹೇಳೋದು ಇದೇ ಹೊತ್ತಲ್ಲಿ. ಲೆಕ್ಸಿಂಗ್‌ಟನ್‌ನ ಹುಲ್ಲುಗಾವಲಿನಲ್ಲಿ ಬೆಳಗಿನ ಜಾವ ಬ್ರಿಟಿಷ್ ಸೈನ್ಯದ ಎದುರು ನಿಂತಿದ್ದ ಎಪ್ಪತ್ತೇಳು ಜನ, ಅದರಲ್ಲಿ ಸತ್ತ ಎಂಟು ಜನ. ಆಮೇಲೆ ಕಾಂಕರ್ಡ್‌ನ ಸೇತುವೆ. ಅಲ್ಲಿ ಮೊದಲು ಬಿದ್ದವನು ಐಸಾಕ್ ಡೇವಿಸ್, ಆಕ್ಟನ್ ಊರಿನ ಬಂದೂಕು ಮಾಡುವವನು, ಮೂವತ್ತರ ವಯಸ್ಸು. ಬೆಳಿಗ್ಗೆ ಹೊರಡುವಾಗ ಮಕ್ಕಳಿಗೆ ಹುಷಾರಿರಲಿಲ್ಲ, ಚೆನ್ನಾಗಿ ನೋಡಿಕೋ ಅಂತಷ್ಟೇ ಹೆಂಡತಿಗೆ ಹೇಳಿ ಹೋದವನು. ಇದು ನನ್ನನ್ನು ತಟ್ಟಿತು. ಆದರೆ ಗುರಿಕಾರರೇ ಯುದ್ಧ ಗೆದ್ದರು ಅನ್ನೋ ಧಾಟಿ ಬಂದಾಗೆಲ್ಲ ನನಗೆ ಕಸಿವಿಸಿ. ಅವತ್ತು ಬಹುತೇಕರ ಕೈಯಲ್ಲಿ ಇದ್ದದ್ದು ನಳಿಗೆಯಲ್ಲಿ ಸುರುಳಿ ಗೀರಿಲ್ಲದ ಮಸ್ಕೆಟ್, ಹೊಡೆದದ್ದರಲ್ಲಿ ಹೆಚ್ಚಿನವು ಗಾಳಿಗೆ ಹೋಗಿದ್ದವು. ಅವತ್ತು ಗೆಲುವು ಆಗಿದ್ದು ಜನ ಎದ್ದು ಬಂದದ್ದರಿಂದ.

ಪಟ್ಟಿ ಕೊಟ್ಟ ಮೇಷ್ಟ್ರು ಮಾವನ ಪಕ್ಕ ಬಂದು ಕೂತರು. ಎಪ್ಪತ್ತರ ಆಸುಪಾಸು, ಕೆಂಪು ಟೋಪಿ. ಮಾವ ಯಾಕೆ ಹೊಡೀತಿಲ್ಲ ಅಂತ ಗೊತ್ತಿತ್ತು ಅವರಿಗೆ, ಅದಕ್ಕೇ ಬಂದರು ಅನ್ಸುತ್ತೆ. ಮಾತು ಎಲ್ಲಿಂದಲೋ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ಗೆ ಬಂತು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದ ಮೇಲೆ ಅವನೇನಾದ ಅಂತ ಮೇಷ್ಟ್ರಿಗೆ ಗೊತ್ತಿರಲಿಲ್ಲ. "ನಿಮ್ಮಲ್ಲಿ ಸೋತವನು ನಮ್ಮಲ್ಲಿಗೆ ಬಂದು ಗೆದ್ದ" ಅಂದರು ಮಾವ. 1792ರ ಶ್ರೀರಂಗಪಟ್ಟಣದ ಒಪ್ಪಂದ, ಟಿಪ್ಪುವಿನ ಅರ್ಧ ರಾಜ್ಯ, ಒತ್ತೆಯಾಗಿ ಹೋದ ಇಬ್ಬರು ಮಕ್ಕಳು, ಎಲ್ಲ ಹೇಳಿದರು. ಕೊಡಗಿನ ರಾಜ ಇಂಗ್ಲಿಷರ ಕಡೆ ಇದ್ದ ಅನ್ನೋದನ್ನೂ ಹೇಳಿದರು. ನಾನು ಮಂಡ್ಯದವನು, ಟಿಪ್ಪು ವಿಷಯ ಎತ್ತಬಾರದು ಅಂತ ನಮ್ಮಿಬ್ಬರ ಮಧ್ಯೆ ಮದುವೆ ದಿನದಿಂದ ಒಪ್ಪಂದ ಇದೆ. ಅದಕ್ಕೆ 1782ರಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧದ ಹಡಗಿಗೆ 'ಹೈದರ್ ಅಲಿ' ಅಂತ ಹೆಸರಿಟ್ಟಿದ್ದರು, ಅದು ಬ್ರಿಟಿಷರ ಹಡಗನ್ನು ಹಿಡಿದೂ ಹಿಡೀತು ಅಂತಷ್ಟೇ ಸೇರಿಸಿ ಸುಮ್ಮನಾದೆ.

"ಮನೇಲಿ ಎಷ್ಟು ಬಂದೂಕಿದೆ?" ಅಂತ ಮೇಷ್ಟ್ರು ಕೇಳಿದರು.

"ಒಂದು. ನಮ್ಮಜ್ಜಂದು. ಒಂಟಿ ನಳಿಗೆ."

"ಬೇಟೆ ಇಲ್ಲ ಅಂದ್ರಿ. ಮತ್ತೆ ಯಾತಕ್ಕೆ?"

ಮಾವ ಬೆರಳು ಮಡಚಲು ಶುರು ಮಾಡಿದರು. ಸೆಪ್ಟೆಂಬರ್‌ನಲ್ಲಿ ಕೈಲ್ ಪೊಳ್ದ್ ಹಬ್ಬ ಬರುತ್ತೆ, ಬಂದೂಕಿಗೆ ತೋಕ್ ಪೂ ಅನ್ನೋ ಹೂವು ಕಟ್ಟಿ ಪೂಜೆ ಮಾಡ್ತೀವಿ. ಅವತ್ತು ಮರದ ಮೇಲೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೀತೀವಿ. ಮನೇಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು. ಯಾರಾದರೂ ತೀರಿಕೊಂಡರೆ ಎರಡು.

"ಎರಡು ಯಾಕೆ?"

"ಕೇಳಿದವರಿಗೆ ಗೊತ್ತಾಗಬೇಕಲ್ಲ. ನಮ್ಮಲ್ಲಿ ಮನೆಗಳು ದೂರ ದೂರ, ನಡುವೆ ತೋಟ, ಕಾಡು. ಫೋನ್ ಇಲ್ಲದ ಕಾಲದಲ್ಲಿ ಎರಡು ಸದ್ದು ಕೇಳಿದ್ರೆ ಕೆಲಸ ಅಲ್ಲೇ ಬಿಟ್ಟು ಬರೋರು."

ಮೇಷ್ಟ್ರು ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದರು. ಏಪ್ರಿಲ್ 18ರ ರಾತ್ರಿ ಬ್ರಿಟಿಷ್ ಸೈನ್ಯ ಬರ್ತಿದೆ ಅನ್ನೋ ಸುದ್ದಿ ಹೋದದ್ದೂ ಹೀಗೇ ಅಂದರು. ಪಾಲ್ ರಿವಿಯರ್ ಕುದುರೆ ಏರಿದ್ದು ಎಲ್ಲರಿಗೂ ಗೊತ್ತು, ಆದರೆ ಅವನು ಹೋಗದ ಊರುಗಳಿಗೆ ಸುದ್ದಿ ಮುಟ್ಟಿಸಿದ್ದು ಬೇರೆ ಸವಾರರು, ಚರ್ಚಿನ ಗಂಟೆ, ಮತ್ತೆ ಎಚ್ಚರಿಕೆಗೆ ಹೊಡೆದ ಗುಂಡು. ಒಂದು ಊರಿನ ಸದ್ದು ಕೇಳಿ ಪಕ್ಕದ ಊರಿನವರು ಹೊಡೆಯೋರು. "ಇಷ್ಟು ವರ್ಷದಿಂದ ಈ ಕಥೆ ಹೇಳ್ತಿದೀನಿ. ಅದನ್ನು ಮನೇಲಿ ಇನ್ನೂ ಮಾಡೋರನ್ನು ಇವತ್ತೇ ನೋಡಿದ್ದು" ಅಂದರು. ಊಟದ ಹೊತ್ತು ಮುಗಿದು ಬೇರೆಯವರು ಗುಂಡು ಹೊಡೆಯೋ ಲೈನ್ ಕಡೆ ಹೊರಟರೂ ಇಬ್ಬರೂ ಏಳಲಿಲ್ಲ. ನಳಿಗೆಗೆ ಯಾವ ಎಣ್ಣೆ ಹಾಕ್ತೀರಿ, ಮಳೆಗಾಲದಲ್ಲಿ ತುಕ್ಕು ಹೇಗೆ ತಡೀತೀರಿ ಅಂತ ಶುರುವಾಯ್ತು. ಮಾವನ ಇಂಗ್ಲಿಷು, ಅವರ ದಕ್ಷಿಣದ ಎಳೆತದ ಇಂಗ್ಲಿಷು, ಅರ್ಧ ಮಾತು ಕೈಸನ್ನೆಯಲ್ಲೇ.

ಅಷ್ಟರಲ್ಲಿ ಮಗಳು ಬಾಯಿ ಹಾಕಿದಳು. "ಅಜ್ಜ, ನಾನು ಹುಟ್ಟಿದಾಗ ಒಂದು ಹೊಡೆದ್ರಾ?"

"ನೀನು ಹುಟ್ಟಿದ್ದು ಇಲ್ಲಿನ ಆಸ್ಪತ್ರೇಲಿ."

"ಊರಲ್ಲಿ ಹುಟ್ಟಿದ್ರೆ?"

ಮಾವ ನನ್ನ ಹೆಂಡತಿಯನ್ನು ನೋಡಿದರು, ಹೆಂಡತಿ ಡಬ್ಬಿ ಮುಚ್ಚಳ ಹುಡುಕುವುದರಲ್ಲಿದ್ದಳು. "ಹೆಣ್ಣು ಮಗೂಗೆ ಹೊಡೆಯೋ ರೂಢಿ ಇರಲಿಲ್ಲ" ಅಂದರು. "ದಟ್ಸ್ ನಾಟ್ ಫೇರ್" ಅಂತ ಇವಳು. ಮೇಷ್ಟ್ರಿಗೆ ಅರ್ಥವಾಗಿ ಗಹಗಹಿಸಿ ನಕ್ಕರು. ಮಾವ ನಗಲಿಲ್ಲ. ಯೋಚನೆಗೆ ಬಿದ್ದಿದ್ದರು.

ಭಾನುವಾರ ಬೆಳಿಗ್ಗೆಯ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಮೈಯೆಲ್ಲ ನೋವು, ಮೋಟೆಲ್ ಕಾಫಿ ಕಾಫಿಯೇ ಅಲ್ಲ, ತುಂತುರು ಮಳೆ. ಮಧ್ಯಾಹ್ನ ಅರ್ಹತಾ ಪರೀಕ್ಷೆ: ನಿಂತು, ಕೂತು, ಮಲಗಿ, ಒಟ್ಟು 40 ಗುಂಡು, 250ಕ್ಕೆ 210 ಬಂದರೆ 'ರೈಫಲ್‌ಮನ್' ಅನ್ನೋ ಬಟ್ಟೆಯ ಬಿಲ್ಲೆ ಕೊಡುತ್ತಾರೆ. ಎರಡನೇ ಸುತ್ತು 55 ಸೆಕೆಂಡಿನದ್ದು. ನಿಂತಿದ್ದವರು ಕೂತು, ಎರಡು ಗುಂಡು ಹೊಡೆದು, ಮ್ಯಾಗಜೀನ್ (ಗುಂಡು ತುಂಬಿದ ಡಬ್ಬಿ) ಬದಲಿಸಿ, ಇನ್ನೆಂಟು ಹೊಡೀಬೇಕು. ಗಾಬರಿ ಬಿದ್ದವರೆಲ್ಲ ಅಲ್ಲೇ ಅಂಕ ಕಳ್ಕೊಳ್ಳೋದು. ಬಿಲ್ಲೆ ಸಿಕ್ಕಿದ್ದು ನನ್ನ ಹೆಂಡತಿಗೆ. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

ಮುಗಿಯೋ ಮುಂಚೆ ಮತ್ತೆ ರೆಡ್‌ಕೋಟ್ ಕಾಗದ. ಮೊದಲ ದಿನದ್ದೇ, ಅದೇ 13 ಗುಂಡು. ಮಗಳು ಮಲಗಿ, ಕಣ್ಣು ಮುಚ್ಚಿ, ಸೊಂಟ ಸರಿಸಿ, ಮತ್ತೆ ಕಣ್ಣು ಮುಚ್ಚಿ, ಸಾವಕಾಶ ಹೊಡೆದಳು. ನಾನಾಗಿದ್ದರೆ ಇಷ್ಟು ಹೊತ್ತಿಗೆ ಎದ್ದಿರುತ್ತಿದ್ದೆ. 400 ಗಜದವನಿಗೆ ಎರಡು ಬಿದ್ದಿತ್ತು. ಮೂಲೆಯ ಚೌಕದಲ್ಲಿ, ಎಡ ಅಂಚನ್ನು ಕಚ್ಚಿಕೊಂಡು, ಒಂದು ಗುಂಡನೆಯ ತೂತು.

ಕಾಗದ ಮುಟ್ಟೋಕೆ ವೀಸಾ ಅಡ್ಡಿ ಇಲ್ಲ. ಮಾವ ಅದನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು, ತೂತಿಗೆ ಕಿರುಬೆರಳು ಇಟ್ಟು ನೋಡಿದರು, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಇದು ವಿರಾಜಪೇಟೆಗೆ ಹೋಗುತ್ತೆ ಅಂದರು.

ವಾಪಸ್ ಬರುವಾಗ ಕಾರಲ್ಲಿ ಮಾವ ನನ್ನ ಹೆಂಡತಿಗೆ, "ಸೆಪ್ಟೆಂಬರ್‌ಗೆ ಇವಳನ್ನ ಕರ್ಕೊಂಡು ಬಾ. ಹೆಂಗಸರದ್ದೂ ಸ್ಪರ್ಧೆ ಇರುತ್ತೆ ಈಗ, ಕಾಯಿ ನಾನೇ ಕಟ್ತೀನಿ" ಅಂದರು.

ಸೆಪ್ಟೆಂಬರ್‌ನಲ್ಲಿ ಸ್ಕೂಲ್ ಇರುತ್ತಲ್ಲ ಅಂತ ನಾನು ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ಆಗಲೇ ಟಿಕೆಟ್ ರೇಟ್ ನೋಡ್ತಾ ಇದ್ದಳು.